ಚುಂಗಾಣಿಯ ಹೊಗೆಗೆ ಕಾಡುಸೊಪ್ಪಿನ ಕಂಪು



ಹಳಗನ್ನಡದಲ್ಲಿ ‘ನಾಱು’ ಎಂದರೆ ವಾಸನೆ ಬೀರು ಎಂದಷ್ಟೇ ಅರ್ಥ. ಮಲ್ಲಿಗೆಯೂ ನಾಱುತ್ತಿತ್ತು, ಕೊಳೆತ ಹಣ್ಣೂ ನಾಱುತ್ತಿತ್ತು. ಇಂದು ಆ ಮಾತು ದುರ್ವಾಸನೆಯ ಪಾಲಿಗೆ ಉಳಿದಿದೆ. ಕೆಟ್ಟದ್ದು ನಾರುತ್ತದೆ, ಒಳ್ಳೆಯದು ಕಂಪು ಸೂಸುತ್ತದೆ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಮೂಗು ಕೊಡುವ ಈ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು? ದೂರದ ಅಮೆರಿಕದ ಒಂದು ಕಾಡುಗಿಡ ಇದಕ್ಕೆ ಉತ್ತರ ಹೇಳುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿಯ ಬಯಲಿನಲ್ಲಿ, ಕ್ಯಾರೊಲಿನಾ, ಜಾರ್ಜಿಯಾ, ಫ್ಲಾರಿಡಾ ಸೀಮೆಗಳಲ್ಲಿ, ಪೈನ್ ಮರಗಳ ಕೆಳಗೆ ಈ ಗಿಡ ತಾನಾಗಿ ಬೆಳೆಯುತ್ತದೆ. ಅದು ನಮ್ಮ ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು. ಬುಡದಲ್ಲಿ ನೀಳವಾದ ನುಣುಪು ಎಲೆಗಳು. ನಡುವೆ ಎದ್ದ ದಂಟಿನ ತುದಿಯಲ್ಲಿ ನೇರಿಳೆ ಬಣ್ಣದ ಸಣ್ಣ ಹೂಗಳು. ಎಲೆಯ ಆಕಾರ ನೋಡಿ ಅಲ್ಲಿಯವರು ಇದನ್ನು ‘ಡಿಯರ್ಸ್ ಟಂಗ್’, ಎಂದರೆ ಜಿಂಕೆನಾಲಗೆ, ಎಂದರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾರ್ಫೆಫೋರಸ್ ಓಡೊರಾಟಿಸಿಮಸ್. ಎರಡನೆಯ ಪದಕ್ಕೆ ‘ಅತ್ಯಂತ ಪರಿಮಳವುಳ್ಳದ್ದು’ ಎಂದರ್ಥ.

ಆದರೆ ಆ ಪರಿಮಳ ಸೊಪ್ಪು ಬಾಡಿದಾಗಲೇ ಮೇಲೇಳುತ್ತದೆ. ಹಸಿರೆಲೆಯಲ್ಲಿ ಅದರ ಮೂಲದ್ರವ್ಯ ಸಕ್ಕರೆಯೊಂದಿಗೆ ಬೆಸೆದುಕೊಂಡು ಅಡಗಿರುತ್ತದೆ. ಎಲೆ ಒಣಗುತ್ತ ಬಂದಂತೆ ಆ ಬೆಸುಗೆ ಬಿಟ್ಟು ‘ಕೂಮರಿನ್’ ಎಂಬ ವಸ್ತು ಹುಟ್ಟುತ್ತದೆ. ಕೊಯ್ದ ಹುಲ್ಲು ಬಿಸಿಲಿಗೆ ಒಣಗುವಾಗಿನ ವಾಸನೆಗೆ ವೆನಿಲಾದ ಸಿಹಿ ಕೂಡಿದಂತೆ ಅದರ ಕಂಪು. 1820ರಲ್ಲಿ ಇದನ್ನು ಟಾಂಕಾ ಎಂಬ ಬೀಜದಿಂದ ಬೇರ್ಪಡಿಸಿದರು. 1868ರಲ್ಲಿ ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಪ್ರಯೋಗಶಾಲೆಯಲ್ಲೇ ತಯಾರಿಸಿದ.

ಹಳ್ಳಿಗರು ಕಾಡಿನಿಂದ ಜಿಂಕೆನಾಲಗೆಯನ್ನು ಕಿತ್ತು, ಒಣಗಿಸಿ, ವರ್ತಕರಿಗೆ ಮಾರುತ್ತಿದ್ದರು. ಅದು ಹೋಗಿ ಸೇರುತ್ತಿದ್ದುದು ಹೊಗೆಸೊಪ್ಪಿನ ಕಾರ್ಖಾನೆಗೆ. ಚುಂಗಾಣಿಯ ತಂಬಾಕು ಒಂದೇ ಬಗೆಯ ಎಲೆಯಲ್ಲ, ಹಲವು ಬಗೆಗಳ ಮಿಶ್ರಣ. ಅದರಲ್ಲಿ ಬರ್ಲೆ ಎಂಬ ಜಾತಿಯ ಎಲೆಯಲ್ಲಿ ಸಕ್ಕರೆ ಕಡಮೆ. ಆದರೆ ಹಾಕಿದ ಪರಿಮಳವನ್ನೆಲ್ಲ ಹೀರಿಕೊಳ್ಳುವ ಗುಣ ಅದಕ್ಕುಂಟು. ಅಂಥ ಮಿಶ್ರಣಕ್ಕೆ ಈ ಕಾಡುಸೊಪ್ಪಿನ ಚೂರನ್ನು ಕೊಂಚ ಬೆರೆಸಿದರೆ ಸಾಕು, ಕಟುವಾದ ಹೊಗೆ ಸಿಹಿಯಾಗಿ ತೋರುತ್ತದೆ. ಸೇದುವವನಿಗಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಕುಳಿತವರಿಗೂ ಅದು ಹಿತವೆನಿಸುತ್ತದೆ.

ಮುಂದೆ ಪ್ರಾಣಿಗಳ ಮೇಲೆ ಪರೀಕ್ಷೆ ನಡೆದಾಗ ಕೂಮರಿನ್ ಹೆಚ್ಚಾದರೆ ಯಕೃತ್ತಿಗೆ ಹಾನಿಯೆಂದು ಕಂಡುಬಂತು. 1954ರಲ್ಲಿ ಅಮೆರಿಕದ ಸರಕಾರ ಅದನ್ನು ಆಹಾರಕ್ಕೆ ಬೆರೆಸಬಾರದೆಂದು ನಿಷೇಧಿಸಿತು. ಹೊಗೆಸೊಪ್ಪು ಆಹಾರವಲ್ಲವಷ್ಟೆ! ನಿಷೇಧ ಅದನ್ನು ಮುಟ್ಟಲಿಲ್ಲ. 1996ರಲ್ಲಿ ಜೆಫ್ರಿ ವೈಗ್ಯಾಂಡ್ ಎಂಬ ವಿಜ್ಞಾನಿ ಟೆಲಿವಿಷನ್ ಸಂದರ್ಶನದಲ್ಲಿ ಒಂದು ಸಂಗತಿಯನ್ನು ಹೊರಗಿಟ್ಟರು. ತಂಬಾಕು ಕಂಪನಿಯೊಂದರಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ಅವರು. ಚುಂಗಾಣಿಯ ತಂಬಾಕಿನಿಂದ ಕೂಮರಿನ್ ತೆಗೆಯಬೇಕೆಂದು ತಾವು ಕೇಳಿದಾಗ, ಮಾರಾಟ ಕುಗ್ಗೀತೆಂದು ಮೇಲಿನವರು ಒಪ್ಪಲಿಲ್ಲವೆಂದು ಆರೋಪಿಸಿದರು.

ಹಾಗಾದರೆ ಈ ಸೊಪ್ಪನ್ನು ತೆಗೆದುಬಿಟ್ಟರೆ ಹೊಗೆ ನಿರಪಾಯವೆ? ಅಲ್ಲ. ನಿಕೋಟಿನ್ ತಂಬಾಕಿನಲ್ಲೇ ಇದೆ. ಎಲೆ ಸುಟ್ಟಾಗ ಏಳುವ ವಿಷಗಳು ಯಾವ ಕಂಪು ಬೆರೆಸಿದರೂ ಏಳುತ್ತವೆ. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಆಡಿಸುವವರಿಗೂ ಬಾಯಿ, ಗಂಟಲುಗಳ ಕ್ಯಾನ್ಸರಿನ ಭಯ ತಪ್ಪಿದ್ದಲ್ಲ. ಪರಿಮಳ ಈ ಅಪಾಯವನ್ನು ಕಡಮೆ ಮಾಡುವುದಿಲ್ಲ. ನಮ್ಮ ಎಚ್ಚರವನ್ನು ಮಾತ್ರ ಕಡಮೆ ಮಾಡುತ್ತದೆ. ಬೀಡಿಯ ಹೊಗೆ ಬಂದರೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವ ತಾಯಿ, ಸಿಹಿಯಾದ ಹೊಗೆ ಬಂದರೆ ಅಲ್ಲೇ ಕುಳಿತುಬಿಡಬಹುದು. ಮಗುವಿನ ಪುಪ್ಪುಸಕ್ಕೆ ಈ ಎರಡರಲ್ಲಿ ಭೇದವಿಲ್ಲ.

ಹೂವಿನ ಸಂಗದಿಂದ ನಾರೂ ಸ್ವರ್ಗಕ್ಕೆ ಹೋಯಿತೆಂಬುದು ನಮ್ಮ ಗಾದೆ. ಇಲ್ಲಿ ಸೊಪ್ಪಿನ ಸಂಗದಿಂದ ಹೊಗೆ ನಡುಮನೆಯವರೆಗೂ ಬಂದಿತು. ಇದರಲ್ಲಿ ಆ ಬಡ ಗಿಡದ ತಪ್ಪೇನೂ ಇಲ್ಲ. ಪೈನ್ ಮರದ ನೆರಳಿನಲ್ಲಿ ತನ್ನ ಪಾಡಿಗೆ ತಾನು ಬೆಳೆದು, ಬಾಡಿದ ಮೇಲೂ ಕಂಪು ಕೊಡುವುದು ಅದರ ಸ್ವಭಾವ. ಆ ಕಂಪು ಯಾವುದರ ಜೊತೆಗೆ ಬರುತ್ತಿದೆಯೆಂದು ವಿಚಾರಿಸುವುದು ಮೂಗಿನ ಕೆಲಸವಲ್ಲ, ಬುದ್ಧಿಯ ಕೆಲಸ.