ಚಿಗರಿ ಕಾಯುವ ತರುಣರಿಗೆ

(ಕಮಲಾಪುರದಲ್ಲಿ ಸೇರಿದ್ದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಕಲಬುರಗಿಯಿಂದ ಬಂದ ವಿದ್ಯಾರ್ಥಿಗಳೂ ಈ ಊರಿನ ರೈತರ ಮಕ್ಕಳೂ ಒಂದೇ ಜಮಖಾನದ ಮೇಲೆ ಕುಳಿತಿದ್ದೀರಿ. ಕಳ್ಳಬೇಟೆಯಿಂದ ಪ್ರಾಣಿಗಳನ್ನು ಕಾಯುತ್ತೇವೆಂದು ಸ್ವಯಂಸೇವಕರಾಗಿ ಹೊರಟಿದ್ದೀರಿ. ಸಂತೋಷ. ಹೊರಡುವ ಮುನ್ನ ಕೆಲವು ಮಾತು ಹೇಳಬೇಕಾಗಿದೆ.

ನಮ್ಮ ಜಿಲ್ಲೆಯಲ್ಲಿ ಕಾಡೆಂದರೆ ಚಿಂಚೋಳಿಯ ಕಡೆಗೆ ಬೆರಳು ತೋರಿಸುತ್ತೇವೆ. ಅಲ್ಲಿನ ಸುಮಾರು 135 ಚದರ ಕಿಲೋಮೀಟರು ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಚಿಗರಿಗೆ, ಎಂದರೆ ಕೃಷ್ಣಮೃಗಕ್ಕೆ, ದಟ್ಟ ಕಾಡು ಬೇಡ, ಬಯಲು ಬೇಕು. ಗಾಯರಾಣ, ಬೀಳು, ತೊಗರಿ ಹೊಲದ ಬದು, ಇವೇ ಅದರ ಮನೆ. ಗಾಯರಾಣ ಒತ್ತುವರಿಯಾದಷ್ಟೂ ಅದು ಹೊಲಕ್ಕೆ ಇಳಿಯುತ್ತದೆ. ಹೊಲಕ್ಕೆ ಇಳಿದಷ್ಟೂ ಉರುಳಿಗೆ ಬೀಳುತ್ತದೆ. ಆದುದರಿಂದ ಚಿಗರಿಯ ಪ್ರಶ್ನೆ ಭೂಮಿಯ ಪ್ರಶ್ನೆಯೂ ಹೌದು.

ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಶಿಕಾರಿ ದೊರೆಗಳ, ಜಾಗೀರದಾರರ ಮೋಜು. ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವುದು ಬಡವರ ಚಾಕರಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಚಿಗರಿಯನ್ನು ಕೊಂದವನಿಗೆ ಈಗ 3ರಿಂದ 7 ವರ್ಷ ಸೆರೆ. ಕಾಯಿದೆ ಬಂದರೂ ಮೋಜು ಹೋಗಲಿಲ್ಲ. ಉರುಳು ಒಡ್ಡಿದ ಕೂಲಿಯವನು ಸಿಕ್ಕಿಬೀಳುತ್ತಾನೆ. ಮಾಂಸಕ್ಕೆ ಹಣ ಕೊಟ್ಟವನು ಮನೆಯಲ್ಲಿ ಸುಖವಾಗಿರುತ್ತಾನೆ. ನಿಮ್ಮ ಕಣ್ಣು ಇಬ್ಬರ ಮೇಲೂ ಇರಲಿ.

ಇನ್ನು ರೈತನ ಮಾತು. ರಾತ್ರಿ ಹಿಂಡು ಬಂದು ತೊಗರಿಯ ಚಿಗುರು ಮೇಯ್ದು ಹೋದರೆ ಅವನ ವರ್ಷದ ರೊಟ್ಟಿ ಹೋಯಿತು. ಅಂಥವನ ಮುಂದೆ ನಿಂತು ಜೀವದಯೆಯ ಉಪದೇಶ ಮಾಡಿದರೆ ಅವನು ಬೇಟೆಗಾರನಿಗೇ ದಾರಿ ತೋರಿಸುತ್ತಾನೆ. ಬೆಳೆಹಾನಿಗೆ ಸರ್ಕಾರದ ಪರಿಹಾರವುಂಟು. ಅವನ ಅರ್ಜಿ ನೀವು ಬರೆಯಿರಿ. ಪಂಚನಾಮೆಗೆ ಅಧಿಕಾರಿಯನ್ನು ಹೊಲಕ್ಕೆ ಕರೆತನ್ನಿರಿ. ಹಣ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿರಿ. ರೈತ ನಿಮ್ಮವನಾದರೆ ಪ್ರತಿ ಹೊಲಕ್ಕೂ ಒಬ್ಬ ಕಾವಲುಗಾರ ಸಿಕ್ಕಂತೆ.

ಕೆಲಸ ದೊಡ್ಡದಲ್ಲ, ತಾಳ್ಮೆಯದು. ಬೆಳಗಿನ ಜಾವ ಬದುಗಳನ್ನು ಸುತ್ತಿ ತಂತಿಯ ಉರುಳು ಹುಡುಕಿರಿ. ಕಂಡಲ್ಲಿ ಚಿತ್ರ ತೆಗೆದು ಅರಣ್ಯ ರಕ್ಷಕನಿಗೆ ತಿಳಿಸಿರಿ. ಇಲಾಖೆ ಸುಮ್ಮನಿದ್ದರೆ, 60 ದಿನಗಳ ನೋಟೀಸು ಕೊಟ್ಟು ಸಾಮಾನ್ಯ ಪ್ರಜೆಯೇ ನ್ಯಾಯಾಲಯಕ್ಕೆ ದೂರು ಒಯ್ಯಲು ಅದೇ ಕಾಯಿದೆ ಅವಕಾಶ ಕೊಟ್ಟಿದೆ.

ಆದರೆ ಯಾರ ಮೇಲೂ ಕೈಮಾಡಬೇಡಿರಿ. ಜಾತಿ ನೋಡಿ ಯಾರನ್ನೂ ಕಳ್ಳನೆನ್ನಬೇಡಿರಿ. ಹರಣಶಿಕಾರಿಗಳಂಥ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದ ಬ್ರಿಟಿಷರ ಕಾನೂನು 1952ರಲ್ಲಿ ರದ್ದಾಯಿತು. ನಮ್ಮ ಮನಸ್ಸಿನಿಂದಲೂ ಅದು ರದ್ದಾಗಬೇಡವೇ? ಬಲೆ ಬಿಟ್ಟವನಿಗೆ ಬೇರೆ ಕೂಲಿ ದೊರಕಿಸುವುದೂ ನಿಮ್ಮ ಕೆಲಸವೇ.

ದೊರೆಯ ಮೋಜಿಗೆ ಉಳಿದಿದ್ದ ಪ್ರಾಣಿ ಈಗ ಜನರ ಸೊತ್ತು. ಜನರ ಸೊತ್ತನ್ನು ಜನರ ಜೊತೆ ನಿಂತೇ ಕಾಯಬೇಕು. ನಾಳೆ ನಸುಕಿನಲ್ಲಿ ಹೊರಡೋಣ.