ಅಂತರಜಾಲದ ಸಾಕ್ಷ್ಯ

ಹಲ್ಮಿಡಿ ಶಾಸನದ ಕಾಲ ಯಾವುದು? ಈ ಪ್ರಶ್ನೆಯನ್ನು ಅಂತರಜಾಲದಲ್ಲಿ ಕೇಳಿ ನೋಡಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ‘ಕ್ರಿ. ಶ. 450’ ಎಂಬ ಉತ್ತರ ಹತ್ತಾರು ಕಡೆಗಳಿಂದ ಬರುತ್ತದೆ. ಇಷ್ಟು ಮಂದಿ ಒಂದೇ ಮಾತನ್ನು ಹೇಳುವಾಗ ಸಂಶಯವೇತಕ್ಕೆ ಎಂದುಕೊಂಡು, ಸಂಶೋಧನೆಗೆ ಹೊಸದಾಗಿ ತೊಡಗಿದ ವಿದ್ಯಾರ್ಥಿ ಅದನ್ನು ತನ್ನ ಪ್ರಬಂಧದಲ್ಲಿ ಬರೆದುಬಿಡುತ್ತಾನೆ.

ಆದರೆ ಬೇಲೂರು ತಾಲ್ಲೂಕಿನ ಆ ಕಲ್ಲಿನ ಮೇಲೆ ಯಾವ ವರ್ಷವನ್ನೂ ಕೊರೆದಿಲ್ಲ. 1936ರಲ್ಲಿ ಅದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರು ಲಿಪಿ, ಭಾಷೆ ಮುಂತಾದವನ್ನು ತೂಗಿ ನೋಡಿ, ಸುಮಾರು 450 ಎಂದು ಊಹಿಸಿದರು. ಬೇರೆ ಕಾಲವನ್ನು ಸೂಚಿಸಿದ ವಿದ್ವಾಂಸರೂ ಉಂಟು. ನಕಲಿನಿಂದ ನಕಲಿಗೆ ಸಾಗುವಾಗ ‘ಸುಮಾರು’ ಎಂಬ ಮಾತು ಉದುರಿಹೋಯಿತು. ವಿದ್ವಾಂಸರ ಊಹೆ ಕಲ್ಲಿನ ಮಾತಾಗಿ ಕುಳಿತಿತು.

ಆದ್ದರಿಂದ ಎಷ್ಟು ಪುಟಗಳು ಹೇಳುತ್ತವೆ ಎಂದು ಎಣಿಸಬೇಡಿ. ಒಂದನ್ನೇ ನೋಡಿ ಬರೆದ ನೂರು ಪುಟಗಳು ನೂರು ಸಾಕ್ಷಿಗಳಾಗವು. ಬರೆದವರು ಯಾರು, ಆ ವಿಷಯದಲ್ಲಿ ಅವರ ಪರಿಶ್ರಮವೇನು, ಯಾವ ಆಧಾರವನ್ನು ಕೊಟ್ಟಿದ್ದಾರೆ ಎಂದು ಕೇಳಿ. ಬರೆದದ್ದು ಯಾವಾಗ ಎಂಬುದೂ ಮುಖ್ಯ. ತಾಳಗುಂದದಲ್ಲಿ 2013ರ ಸುಮಾರಿಗೆ ದೊರೆತ ಶಾಸನವೊಂದು ಹಲ್ಮಿಡಿಗಿಂತ ಹಳೆಯದೆಂದು ಕೆಲವರು ವಾದಿಸುತ್ತಾರೆ. ಅದಕ್ಕೆ ಮೊದಲು ಬರೆದ ಪುಟದಲ್ಲಿ ಈ ವಾದವನ್ನು ಹುಡುಕಿದರೆ ಸಿಕ್ಕೀತೆ?

ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಹಾಗೆಂದು ಅದನ್ನು ತಳ್ಳಿಹಾಕಬೇಕಿಲ್ಲ, ಅದು ಕೈಮರವಿದ್ದಂತೆ. ಅದರ ಅಡಿಟಿಪ್ಪಣಿ ತೋರಿಸಿದ ಗ್ರಂಥದವರೆಗೆ ನಡೆದುಹೋಗಿ, ಆ ಮಾತು ಅಲ್ಲಿ ಇದೆಯೇ ಎಂದು ನೀವೇ ಓದಿ ನೋಡಿ. ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವು ಇಲ್ಲದ ಗ್ರಂಥದ ಹೆಸರನ್ನು ಪುಟಸಂಖ್ಯೆಯ ಸಹಿತ ಹೇಳಿಬಿಡುವುದುಂಟು. ಅಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರಲಿ.

ಅಂತರಜಾಲ ಮಾಡಿರುವ ಉಪಕಾರವೂ ಸಣ್ಣದಲ್ಲ. ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳನ್ನು ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಿ ಹುಡುಕಬೇಕಾಗಿತ್ತು. ಈಗ ಹಳ್ಳಿಯಲ್ಲಿ ಕುಳಿತವರೂ ಅವುಗಳ ಪುಟ ತಿರುವಬಹುದು. ಮೂಲವೇ ಇಷ್ಟು ಹತ್ತಿರ ಬಂದಿರುವಾಗ ನಕಲಿಗೆ ತೃಪ್ತರಾಗುವುದೇಕೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಾಳೆ ನಿಮ್ಮ ಪ್ರಬಂಧವನ್ನು ನಂಬಿ ಬರೆಯುವವನೊಬ್ಬ ಇರುತ್ತಾನೆ. ಮೂಲವನ್ನು ಕಂಡಿದ್ದರೆ ಕಂಡೆನೆಂದೂ, ಕಾಣದಿದ್ದರೆ ಯಾರ ಮಾತನ್ನು ನಂಬಿದಿರೆಂದೂ ಅವನಿಗಾಗಿ ಬರೆದಿಡಿ.