ಮೆಟ್‌ಫಾರ್ಮಿನ್: ಸಕ್ಕರೆ ಕಾಯಿಲೆಯ ಮೊದಲ ಮಾತ್ರೆ

ಎರಡನೇ ಬಗೆಯ ಮಧುಮೇಹ ಇದೆಯೆಂದು ಗೊತ್ತಾದಾಗ ವೈದ್ಯರ ಚೀಟಿಯಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಔಷಧಿ ಮೆಟ್‌ಫಾರ್ಮಿನ್. ಮಾತ್ರೆಯ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ಯಾವುದೇ ಇರಲಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಈ ಹೆಸರೂ 500 ಅಥವಾ 1000 ಮಿಲಿಗ್ರಾಂನಂಥ ಅಳತೆಯೂ ಇದ್ದೇ ಇರುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಆದ್ದರಿಂದ ಈ ಮಾತ್ರೆ ಇಲ್ಲದ ಬೀದಿ ಸಿಗುವುದು ಕಷ್ಟ.

ಮಧುಮೇಹಿಗಳನ್ನು ಗೊಂದಲಕ್ಕೀಡುಮಾಡುವ ಸಂಗತಿಯೊಂದಿದೆ. ರಾತ್ರಿ ಒಂದೇ ಒಂದು ಚಪಾತಿ ತಿಂದು ಮಲಗಿದರೂ ಬೆಳಗ್ಗೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿರುತ್ತದೆ. ತಿನ್ನದ ಸಕ್ಕರೆ ಎಲ್ಲಿಂದ ಬಂತು? ಬಂದದ್ದು ಪಿತ್ತಜನಕಾಂಗದಿಂದ, ಅಂದರೆ ಲಿವರಿನಿಂದ. ಊಟವಿಲ್ಲದ ಹೊತ್ತಿನಲ್ಲಿ ಮೆದುಳಿಗೆ ಗ್ಲೂಕೋಸ್ ಕೊರತೆಯಾಗದಂತೆ ಲಿವರ್ ತಾನೇ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಈ ಕೆಲಸಕ್ಕೆ ಇನ್ಸುಲಿನ್ ಕಡಿವಾಣ ಹಾಕುತ್ತದೆ. ಮಧುಮೇಹಿಗಳ ಲಿವರ್ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ; ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಇನ್ನಷ್ಟು ಸುರಿಯುತ್ತಲೇ ಇರುತ್ತದೆ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಕೆಲಸ ಮಾಡುವುದು ಇಲ್ಲೇ. ಲಿವರಿನ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳ ವೇಗವನ್ನು ಅದು ತುಸು ತಗ್ಗಿಸುತ್ತದೆ. ಶಕ್ತಿ ಕಡಿಮೆಯಾದಾಗ ಜೀವಕೋಶ ಗ್ಲೂಕೋಸ್ ತಯಾರಿಕೆಯಂಥ ದುಬಾರಿ ಕೆಲಸವನ್ನು ಇಳಿಸುತ್ತದೆ. ಇದು ಒಪ್ಪಿತ ವಿವರಣೆಯಾದರೂ ಪೂರ್ತಿ ಕಥೆಯಲ್ಲ. ಕರುಳಿನ ಮೇಲೂ ಈ ಔಷಧಿಯ ಪ್ರಭಾವ ದೊಡ್ಡದೆಂದು ಈಚಿನ ಸಂಶೋಧನೆಗಳು ಹೇಳುತ್ತವೆ. ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿರುವ ಔಷಧಿಯೊಂದರ ಒಳಗುಟ್ಟು ಇನ್ನೂ ಚರ್ಚೆಯಲ್ಲಿರುವುದು ವೈದ್ಯಶಾಸ್ತ್ರದಲ್ಲಿ ಅಪರೂಪವೇನಲ್ಲ.

ಮೇದೋಜೀರಕ ಗ್ರಂಥಿಯನ್ನು ಹಿಂಡಿ ಹೆಚ್ಚು ಇನ್ಸುಲಿನ್ ಹೊರಡಿಸುವ ಕೆಲಸವನ್ನು ಮೆಟ್‌ಫಾರ್ಮಿನ್ ಮಾಡುವುದಿಲ್ಲ. ಅದರ ಎರಡು ದೊಡ್ಡ ಗುಣಗಳು ಬಂದದ್ದು ಇದರಿಂದಲೇ. ಇದೊಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ದಿಢೀರನೆ ಕುಸಿದು ಬೆವರು, ನಡುಕ, ತಲೆಸುತ್ತು ಬರುವುದು ತೀರ ವಿರಳ; ಮೈತೂಕವೂ ಏರುವುದಿಲ್ಲ, ಕೆಲವರಲ್ಲಿ ಸ್ವಲ್ಪ ಇಳಿಯುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳು ಜೋಡಿ ಮಾತ್ರೆಗಳು. ಹೆಸರಿನ ಕೊನೆಯಲ್ಲಿ 1 ಅಥವಾ 2 ಎಂಬ ಅಂಕಿ ಇದ್ದರೆ, ಹಲವು ಸಲ ಅದು ಜೊತೆಗೆ ಬೆರೆಸಿದ ಗ್ಲಿಮಿಪಿರೈಡ್‌ನ ಮಿಲಿಗ್ರಾಂ ಲೆಕ್ಕ. ಗ್ಲಿಮಿಪಿರೈಡ್ ಇನ್ಸುಲಿನ್ ಹೊರಡಿಸುವ ಔಷಧಿ. ಅಂಥ ಮಾತ್ರೆ ನುಂಗಿ ಊಟ ತಪ್ಪಿಸಿದರೆ, ಉಪವಾಸ ಹಿಡಿದರೆ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಈ ಔಷಧಿಯ ಬೇರು ಯುರೋಪಿನ ಒಂದು ಗಿಡದಲ್ಲಿದೆ. ಗೆಲೀಗ ಅಫಿಸಿನಾಲಿಸ್ ಎಂಬ ನೇರಳೆ ಹೂವಿನ ಈ ಗಿಡ ಅಲ್ಲಿನ ಹಳೆಯ ನಾಟಿಮದ್ದುಗಳಲ್ಲೊಂದು. ಅದರಲ್ಲಿ ಗ್ವಾನಿಡಿನ್ ಜಾತಿಯ ರಾಸಾಯನಿಕವಿದೆ. ಗ್ವಾನಿಡಿನ್ ಪ್ರಾಣಿಗಳ ರಕ್ತದ ಸಕ್ಕರೆ ಇಳಿಸುತ್ತದೆಂದು 1918ರಲ್ಲೇ ತಿಳಿದಿತ್ತು, ಆದರೆ ಅದು ವಿಷಕಾರಿ. 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬಿಬ್ಬರು ರಸಾಯನ ವಿಜ್ಞಾನಿಗಳು ಮೆಟ್‌ಫಾರ್ಮಿನ್ ತಯಾರಿಸಿದರು. ಅದೇ ಕಾಲಕ್ಕೆ ಇನ್ಸುಲಿನ್ ಬಂದು ಎಲ್ಲರ ಗಮನ ಸೆಳೆಯಿತು, ಇದು ಮೂಲೆಗೆ ಸರಿಯಿತು. ಮನುಷ್ಯರ ಮಧುಮೇಹಕ್ಕೆ ಇದನ್ನು ಬಳಸಿ 1957ರಲ್ಲಿ ವರದಿ ಮಾಡಿದವರು ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್. ಇದೇ ಕುಟುಂಬದ ಫೆನ್‌ಫಾರ್ಮಿನ್ ಎಂಬ ಔಷಧಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಸಿ ಸಾವುಗಳಿಗೆ ಕಾರಣವಾಗಿ 1970ರ ದಶಕದ ಕೊನೆಗೆ ಅಮೆರಿಕದಲ್ಲಿ ನಿಷೇಧಗೊಂಡಿತು. ಅಣ್ಣನ ಅಪಖ್ಯಾತಿ ತಮ್ಮನಿಗೂ ಅಂಟಿತು. ಮೆಟ್‌ಫಾರ್ಮಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರ ಡಿಸೆಂಬರಿನಲ್ಲಿ. 1998ರಲ್ಲಿ ಹೊರಬಂದ ಬ್ರಿಟನ್ನಿನ ದೀರ್ಘ ಅಧ್ಯಯನದಲ್ಲಿ, ಮೆಟ್‌ಫಾರ್ಮಿನ್ ಪಡೆದ ಸ್ಥೂಲಕಾಯದ ಮಧುಮೇಹಿಗಳಿಗೆ ಹೃದಯಾಘಾತ ಕಡಿಮೆಯಾದದ್ದು ಕಂಡುಬಂದ ಮೇಲೆ ಅದರ ಸ್ಥಾನ ಗಟ್ಟಿಯಾಯಿತು. ಅಂಡಾಶಯದ ಪಿಸಿಒಎಸ್ ತೊಂದರೆಯಲ್ಲೂ ಇದನ್ನು ಬರೆದುಕೊಡುವುದುಂಟು. ಇನ್ಸುಲಿನ್ ಉತ್ಪತ್ತಿಯೇ ನಿಂತುಹೋದ ಮೊದಲನೇ ಬಗೆಯ ಮಧುಮೇಹಕ್ಕೆ ಮಾತ್ರ ಇದು ಇನ್ಸುಲಿನ್ನಿಗೆ ಬದಲಿಯಲ್ಲ.

ಅಡ್ಡಪರಿಣಾಮಗಳಲ್ಲಿ ಮೊದಲನೆಯದು ಹೊಟ್ಟೆಯದು. ವಾಕರಿಕೆ, ಹೊಟ್ಟೆಯುಬ್ಬರ, ಭೇದಿ, ಬಾಯಲ್ಲಿ ಲೋಹದ ರುಚಿ ಮೊದಲ ವಾರಗಳಲ್ಲಿ ಬಹಳ ಮಂದಿಗೆ ಕಾಣಿಸಿಕೊಂಡು ಹೆಚ್ಚಿನವರಲ್ಲಿ ತಾನಾಗಿ ತಗ್ಗುತ್ತದೆ. ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುವುದು, ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ನುಂಗುವಂತೆ ಹೇಳುವುದು ಇದಕ್ಕಾಗಿಯೇ. ಆಗಲೂ ತಡೆಯದವರಿಗೆ ಎಸ್‌ಆರ್, ಎಕ್ಸ್‌ಆರ್ ಎಂದು ಬರೆದಿರುವ, ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ ಕೊಡುತ್ತಾರೆ. ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ಅದರ ಮೆತ್ತನೆಯ ಹೊರಕವಚ ಕೆಲವೊಮ್ಮೆ ಮಲದಲ್ಲಿ ಹಾಗೆಯೇ ಕಾಣುತ್ತದೆ. ಮಾತ್ರೆ ಕರಗಲೇ ಇಲ್ಲವೆಂದು ಗಾಬರಿಪಡಬೇಕಿಲ್ಲ, ಒಳಗಿನ ಔಷಧಿ ಅಷ್ಟರಲ್ಲಿ ಮೈಗೆ ಸೇರಿರುತ್ತದೆ.

ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ವಾಸ್ತವ ಇದಕ್ಕೆ ತಿರುಗುಮುರುಗು. ಈ ಔಷಧಿ ದೇಹದಲ್ಲಿ ರೂಪಾಂತರವಾಗದೆ ಮೂತ್ರದ ಮೂಲಕವೇ ಹೊರಹೋಗುತ್ತದೆ. ಮೂತ್ರಪಿಂಡ ಮೊದಲೇ ಸೊರಗಿದ್ದರೆ ರಕ್ತದಲ್ಲಿ ಉಳಿದು ಶೇಖರವಾಗುತ್ತದೆ. ಆಗ ಫೆನ್‌ಫಾರ್ಮಿನ್ನಿನ ಆ ಹಳೆಯ ಅಪಾಯ, ಲ್ಯಾಕ್ಟಿಕ್ ಆಮ್ಲದ ಏರಿಕೆ, ಇಲ್ಲೂ ತಲೆಯೆತ್ತಬಹುದು. ಇದು ವಿರಳ, ಆದರೆ ಪ್ರಾಣಾಂತಿಕ. ರಕ್ತ ಶೋಧಿಸುವ ಸಾಮರ್ಥ್ಯದ ಅಳತೆಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಸಲ್ಲದು. ವಾಂತಿಭೇದಿಯಿಂದ ಮೈಯ ನೀರು ಬತ್ತಿದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ, ಬಣ್ಣದ ದ್ರಾವಣ ಚುಚ್ಚಿ ಸ್ಕ್ಯಾನ್ ಮಾಡಿಸುವಾಗ ಇದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ಮಿತಿಮೀರಿದ ಕುಡಿತವೂ ಈ ಅಪಾಯವನ್ನು ಹೆಚ್ಚಿಸುತ್ತದೆ.

ಕೊನೆಯದು ಸದ್ದಿಲ್ಲದೆ ಬರುವ ತೊಂದರೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರ ಕರುಳು ಬಿ12 ಜೀವಸತ್ವವನ್ನು ಕಡಿಮೆ ಹೀರುತ್ತದೆ. ಮಾಂಸ, ಮೊಟ್ಟೆ ಮುಟ್ಟದವರಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಅವರಲ್ಲಿ ಕೊರತೆ ಬೇಗ ಕಾಡುತ್ತದೆ. ಸುಸ್ತು, ರಕ್ತಹೀನತೆ, ಪಾದಗಳಲ್ಲಿ ಜೋಮು ಅದರ ಲಕ್ಷಣಗಳು. ಮಧುಮೇಹದಿಂದ ನರಗಳು ಕೆಟ್ಟಾಗಲೂ ಪಾದ ಹೀಗೆಯೇ ಜೋಮು ಹಿಡಿಯುತ್ತದೆ. ಹೀಗಾಗಿ ಜೋಮನ್ನು ಸಕ್ಕರೆಯ ತಲೆಗೆ ಕಟ್ಟಿ ಸುಮ್ಮನಾಗುವುದೇ ಹೆಚ್ಚು, ಬಿ12 ಕೊರತೆಗೆ ಮಾತ್ರೆ ಅಥವಾ ಚುಚ್ಚುಮದ್ದಿನ ಸುಲಭ ಪರಿಹಾರ ಇದ್ದರೂ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ನಾಲ್ಕೈದು ವರ್ಷ ದಾಟಿದವರು ಬಿ12 ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.